ಹಗೇವಿನ ಬಾಯಿ

ಸುಣ್ಣದ ಗೆರೆ ಹಿತ್ತಲಿನುದ್ದಕ್ಕೂ ನೆಟ್ಟಗೆ ಬಂದು ಸೆಗಣಿ ಕುಳ್ಳಿನ ಬಣವೆಯ ಬುಡದಲ್ಲಿ ನಿಂತುಬಿಟ್ಟಿತ್ತು. ಎಡಗಡೆಯಿಂದ ಬಂದ ಇನ್ನೊಂದು ಗೆರೆಯೂ ಅಲ್ಲಿಗೇ ಬಂದು ಮುಗಿದಿತ್ತು. ಎರಡೂ ಕೂಡುವ ಮೂಲೆ ಬಣವೆಯ ಹೊಟ್ಟೆಯೊಳಗೆಲ್ಲೋ ಇತ್ತು. ನಕ್ಷೆಯ ಪ್ರಕಾರ ಅಲ್ಲೊಂದು ಕಂಬ ಏಳಬೇಕು. ಹೊಸ ಮನೆಯ ಹಾಲ್‌ನ ಭಾರವೆಲ್ಲ ಹೆಚ್ಚುಕಡಿಮೆ ಆ ಕಂಬದ ಮೇಲೆಯೇ ಬೀಳುವುದು.

"ಇದನ್ನ ಸರಸ್ರಿ," ಎಂದಳು ಸ್ನೇಹಾ, ಟೇಪಿನ ತುದಿ ಹಿಡಿದುಕೊಂಡೇ.

"ನಾ ಮುಂಜಾನಿಂದ ಅದನ್ನ ಹೇಳಾಕತ್ತೀನ್ರಿ ಮೇಡಂ," ಎಂದ ಗೌಂಡಿ ಮಕ್ತುಮಸಾಬ. ಸುಣ್ಣ ಹತ್ತಿದ ಕೈಯನ್ನು ಲುಂಗಿಗೆ ಒರೆಸಿಕೊಂಡು ಹಿತ್ತಲ ಬಾಗಿಲ ಕಡೆ ಕಣ್ಣು ಹಾಯಿಸಿದ. "ಅವ್ವಾರು ಕೈ ಹಚ್ಚಗೊಡವಲ್ರು."

ಬಾಗಿಲಲ್ಲಿ ನೀಲಗಂಗವ್ವ ನಿಂತಿದ್ದಳು, ಕೈಯಲ್ಲಿ ಒಲೆಯ ಮೇಲಿಂದ ಎತ್ತಿಕೊಂಡು ಬಂದ ಹುಟ್ಟು. ಸ್ನೇಹಾಳಿಗೆ ಆಕೆ ಸೋದರತ್ತೆ. ತಾಯಿ ಇಲ್ಲದ ಹುಡುಗಿಯನ್ನು ಡಂಬಳದ ಈ ಮನೆಯಲ್ಲಿ ಇಟ್ಟುಕೊಂಡು, ಹೈಸ್ಕೂಲು ಮುಗಿಯುವ ತನಕ ದಿನಾ ಬೆಳಿಗ್ಗೆ ಎರಡು ಜಡೆ ಹೆಣೆದು ಕಳಿಸಿದವಳು. ಆ ಋಣವನ್ನು ಅತ್ತೆ ಎಂದೂ ಬಾಯಿಬಿಟ್ಟು ಹೇಳಿದವಳಲ್ಲ. ಹೇಳದೆ ಇದ್ದುದರಿಂದಲೇ ಅದು ಸ್ನೇಹಾಳ ತಲೆಯ ಮೇಲೆ ಇನ್ನೂ ಹಾಗೆಯೇ ಕುಳಿತಿತ್ತು.

"ಬಣವಿ ಎಲ್ಲಿ ಓಡಿ ಹೋಗತೈತಿ? ನಾಳಿ ಗುದ್ದಲಿ ಪೂಜಾ ಆದ ಮ್ಯಾಲ ಸರಸಿದ್ರಾತು. ಬಿಸಲಾಗ ಎಷ್ಟೊತ್ತು ನಿಂದರ್ತಿ? ಒಳಗ ಬಾ. ಸಹಿ ಹಾಕು, ಸಿಕ್ಕಾ ಒತ್ತು, ಉಣ್ಣು. ಹೋಳಗಿ ಮಾಡೀನಿ."

ಸಿಕ್ಕಾ ಎನ್ನುವಾಗ ಅತ್ತೆಯ ಬಾಯಿ ತುಂಬಿ ಬರುತ್ತಿತ್ತು. ಕಟ್ಟಡದ ಅಂದಾಜು ತಯಾರಿಸುವವರ ಪರೀಕ್ಷೆಯನ್ನು ಸ್ನೇಹಾ ಎರಡನೆಯ ಸಲಕ್ಕೆ ಪಾಸು ಮಾಡಿ, ತನ್ನ ಹೆಸರೂ ನೋಂದಣಿ ನಂಬರೂ ಕೆತ್ತಿದ ಮೊಹರು ಕೈಗೆ ಬಂದ ದಿನ, ಬೆಟಗೇರಿಯಲ್ಲಿ ಅವಳ ಗಂಡ ಒಂದು ಪೊಟ್ಟಣ ಪೇಡೆ ತಂದಿದ್ದ, ಅಷ್ಟೇ. ಡಂಬಳದಲ್ಲಿ ಅತ್ತೆ ಓಣಿಗೆಲ್ಲ ಚುರುಮುರಿ ಹಂಚಿದ್ದಳು. "ನಮ್ಮ ಹುಡಿಗೀಗ ಸಿಕ್ಕಾ ಬಂದೈತಿ. ಆಕಿ ಒತ್ತಿದ್ರನ ಬ್ಯಾಂಕಿನವ್ರು ಕಣ್ಣ ತೆರೀತಾರ," ಎಂದು ಕೇಳಿದವರಿಗೂ ಕೇಳದವರಿಗೂ ಹೇಳಿದ್ದಳು.

ಮಾತು ಸುಳ್ಳೇನಲ್ಲ. ಮುಂಡರಗಿಯ ಬ್ಯಾಂಕಿನವರು ಮನೆ ಸಾಲದ ಕಾಗದವೆಲ್ಲ ಸಿದ್ಧ ಮಾಡಿಟ್ಟುಕೊಂಡು ಅದೊಂದಕ್ಕೇ ಕಾಯುತ್ತಿದ್ದರು. ಹೋದ ಮಳೆಗಾಲದಲ್ಲಿ ಅತ್ತೆಯ ಹಳೆಯ ಮಾಳಿಗೆ ಮನೆಯ ಹಿಂದಿನ ಗೋಡೆ ಕೂತುಹೋಗಿತ್ತು. ಅಂದಿನಿಂದ ಅವಳೂ ಮಗ ಮಲ್ಲುವೂ ಒಂದು ಬದಿಗೆ ತಾಡಪಾಲು ಕಟ್ಟಿಕೊಂಡು ದಿನ ದೂಡುತ್ತಿದ್ದರು. ಮಲ್ಲುವಿಗೆ ಶಿರಹಟ್ಟಿಯ ಹೆಣ್ಣು ಗೊತ್ತಾಗಿತ್ತು. ಬೀಗರು ಬಂದು ತಾಡಪಾಲಿನ ಕೆಳಗೆ ಕುಳಿತು ಚಹಾ ಕುಡಿದು, ಮನೆ ಎದ್ದ ಮೇಲೆ ಮದುವೆ ಎಂದು ಹೇಳಿ ಹೋಗಿದ್ದರು. ಹುಡುಗಿಯ ಅಣ್ಣ ಮೊಬೈಲಿನಲ್ಲಿ ನಕ್ಷೆ ನೋಡಿ, ಹಾಲ್ ಸ್ವಲ್ಪ ದೊಡ್ಡದಾಗಲಿ ಎಂದೂ ಒಂದು ಮಾತು ಸೇರಿಸಿದ್ದ. ಆ ಒಂದು ಮಾತಿಗೆ ಮಲ್ಲು ಹಾಲನ್ನು ಹಿತ್ತಲಿನೊಳಕ್ಕೆ ಚಾಚಿಸಿಬಿಟ್ಟಿದ್ದ.

ಚಾಚಿದ ನಕ್ಷೆ ಗದಗಿನ ಆಫೀಸಿಗೆ ಬಂದಾಗ ಸ್ನೇಹಾ ಕೂತಲ್ಲೇ ಅಂದಾಜು ತಯಾರಿಸಿದ್ದಳು. ಆದರೆ ಸಹಿ ಹಾಕುವ ಮೊದಲು ಜಾಗ ಕಣ್ಣಾರೆ ನೋಡಬೇಕು ಎನ್ನುವುದು ಪರೀಕ್ಷೆಯ ಪುಸ್ತಕದಲ್ಲಿ ಮೊದಲನೆಯ ಪಾಠ. ತಾನು ಆಡಿ ಬೆಳೆದ ಹಿತ್ತಲನ್ನು ಏನು ನೋಡುವುದು ಎಂದುಕೊಂಡೇ, ಹೋಳಿಗೆಯ ಆಸೆಗೆ ಅರ್ಧ, ನಿಯಮಕ್ಕೆ ಅರ್ಧ ಎಂಬಂತೆ ಬೆಳಗಿನ ಬಸ್ಸು ಹತ್ತಿದ್ದಳು.

"ಹತ್ತು ನಿಮಿಷದ ಕೆಲಸ ಅತ್ತಿ. ಕಂಬದ ಜಾಗಾ ನೋಡಿ ಒಳಗ ಬರ್ತೀನಿ."

"ಬ್ಯಾಡಂದ್ನೆಲ್ಲ!"

ದನಿ ಒಡೆದು ಬಂದಿತ್ತು. ಮಕ್ತುಮಸಾಬ ತಲೆ ತಗ್ಗಿಸಿ ದಾರದ ಉಂಡೆ ಸುತ್ತತೊಡಗಿದ. ಅತ್ತೆ ಹಾಗೆ ಕೂಗುವವಳಲ್ಲ. ಬೈದರೂ ನಕ್ಕುಕೊಂಡು ಬೈಯುವವಳು. ಸ್ನೇಹಾ ಮುಖ ಬೇರೆ ಕಡೆ ತಿರುಗಿಸಬೇಕೆಂದು ಮೇಲಕ್ಕೆ ನೋಡಿದಳು. ಬಣವೆಯ ನೆತ್ತಿಯ ಮೇಲೆ ಬೇವಿನ ಮರದ ಟೊಂಗೆಯೊಂದು ಅಡ್ಡ ಬಂದಿತ್ತು. ಮಧ್ಯದಲ್ಲಿ ಗಂಟು, ಗಂಟಿನಿಂದ ಎರಡು ಕವಲು.

ಆ ಟೊಂಗೆಯನ್ನು ಅವಳು ಹಿಂದೊಮ್ಮೆ ಕೆಳಗಿನಿಂದ ನೋಡಿದ್ದಳು. ಬಹಳ ಕೆಳಗಿನಿಂದ.

ಆಗ ಅವಳು ಕನ್ನಡ ಶಾಲೆಯ ಎರಡನೆಯ ಇಯತ್ತೆಯಲ್ಲಿದ್ದಳು. ರಾಮಪ್ಪ ಕಾಕಾ ಅವಳ ಸೊಂಟಕ್ಕೆ ಹಗ್ಗ ಕಟ್ಟಿ ಹಗೇವಿನೊಳಕ್ಕೆ ಇಳಿಸಿದ್ದ. ಹಗೇವು ಎಂದರೆ ನೆಲದೊಳಗಿನ ಕಣಜ. ಮೇಲೆ ಒಬ್ಬರು ನುಸುಳುವಷ್ಟು ಬಾಯಿ, ಒಳಗೆ ಗಡಿಗೆಯ ಹಾಗೆ ಉಬ್ಬಿದ ಹೊಟ್ಟೆ. ಜೋಳ ತುಂಬಿ, ಬಾಯಿಗೆ ಚಪ್ಪಡಿ ಮುಚ್ಚಿ, ಮೇಲೆ ಮಣ್ಣು ಮೆತ್ತಿಬಿಟ್ಟರೆ ವರುಷಗಟ್ಟಲೆ ಕೆಡದು. ತೆಗೆದ ಕೂಡಲೇ ಒಳಗಿಳಿದರೆ ಮಾತ್ರ ಕೆಟ್ಟ ಗಾಳಿ ಜೀವ ತೆಗೆಯುತ್ತದೆ. ಅದಕ್ಕೇ ಕಾಕಾ ಮೊದಲು ಕಂದೀಲು ಇಳಿಸಿ, ಅದು ನಂದದೆ ಉರಿಯುವುದನ್ನು ಮತ್ತೆ ಮತ್ತೆ ನೋಡಿ, ಆಮೇಲೆ ಅವಳನ್ನು ಇಳಿಸಿದ್ದ. ದೊಡ್ಡವರು ಬಾಚಿ ಉಳಿಸಿದ ಜೋಳವನ್ನು ಮೂಲೆಮೂಲೆಯಿಂದ ಗುಡಿಸಿ ಬುಟ್ಟಿಗೆ ತುಂಬುವುದು ಅವಳ ಕೆಲಸ. ತಲೆಯೆತ್ತಿದರೆ ದುಂಡಗಿನ ಆಕಾಶ, ಆಕಾಶದಲ್ಲಿ ಈ ಟೊಂಗೆ.

ಇಷ್ಟು ವರುಷ ಅದನ್ನು 'ರಾಮಪ್ಪ ಕಾಕಾನ ಹಗೇವು' ಎಂದೇ ಕೇಳಿದ್ದರಿಂದ ಅದು ಅವನ ಹಿತ್ತಲಲ್ಲಿತ್ತು ಎಂದೇ ಅವಳು ತಿಳಿದಿದ್ದಳು. ರಾಮಪ್ಪ ಅತ್ತೆಯ ಮೈದುನ, ಮೊಣಕಾಲೆತ್ತರದ ಗೋಡೆಯಾಚೆಗಿನ ಮನೆಯವನು. ಎರಡು ಮನೆಗಳ ನಡುವೆ ಮಾತು ನಿಂತು ಎಷ್ಟೋ ಕಾಲವಾಗಿತ್ತು. ಆದರೆ ಟೊಂಗೆ ಸುಳ್ಳು ಹೇಳುವುದಿಲ್ಲ. ಹಗೇವು ಇಲ್ಲಿತ್ತು, ಈ ಬಣವೆಯ ಕೆಳಗೆ, ಕಂಬ ಏಳಬೇಕಾದ ಮೂಲೆಯಲ್ಲಿ.

ಟೇಪನ್ನು ಮಕ್ತುಮಸಾಬನ ಕೈಗೆ ಕೊಟ್ಟು ಅವಳು ಒಳಗೆ ಹೋದಳು. ಅತ್ತೆ ಒಲೆಯ ಮುಂದೆ ಬೆನ್ನು ಮಾಡಿ ಕುಳಿತಿದ್ದಳು.

"ಅತ್ತಿ, ಬಣವಿ ಕೆಳಗ ಹಗೇವು ಐತಲ್ಲ?"

"ಇಲ್ಲ."

"ನಾ ಅದರಾಗ ಇಳದೀನಿ. ನನಗ ನೆನಪೈತಿ."

"ಸಣ್ಣಾಕಿದ್ದಿ. ಸಣ್ಣ ಹುಡುಗ್ರು ಏನೇನರ ನೆನಪಿಟ್ಟಿರ್ತಾವ. ಅಲ್ಲೇನೂ ಇಲ್ಲ, ಬರೇ ಮಣ್ಣು." ಅತ್ತೆ ಹೋಳಿಗೆ ಮಗುಚಿದಳು. ಅದು ಆಗಲೇ ಸೀದಿತ್ತು. "ಹೂಂ ಅನ್ನು ಸ್ನೇಹಾ. ಒಂದ ಸಹಿ. ನಾ ನಿನ್ನ ಮತ್ತೇನೂ ಕೇಳಿಲ್ಲ."

ಕೇಳಿರಲಿಲ್ಲ, ಖರೆ. ಸ್ನೇಹಾಳಿಗೆ ಆ ಸೀದ ಹೋಳಿಗೆಯನ್ನು ತಾನೇ ಎತ್ತಿಕೊಂಡು ತಿಂದು, ಸಹಿ ಹಾಕಿ, ಅತ್ತೆಯ ತೊಡೆಯ ಮೇಲೆ ತಲೆಯಿಟ್ಟು ಮಲಗಿಬಿಡಬೇಕೆನಿಸಿತು. ಹಾಗೆ ಮಾಡುವ ಬದಲು ಫೋನು ತೆಗೆದುಕೊಂಡು ಪಡಸಾಲೆಗೆ ಬಂದಳು.

ಗದಗಿನ ಮುಳಗುಂದ ನಾಕಾದ ಹತ್ತಿರ ಆಫೀಸಿಟ್ಟುಕೊಂಡ ಇಂಜಿನಿಯರ್ ಮಹಾದೇವ ಅವಳ ಸಾಹೇಬ. ಕೆಟ್ಟ ಮನುಷ್ಯನಲ್ಲ. ಎಲ್ಲ ತೊಡಕಿಗೂ ನುಣುಪಾದ ದಾರಿ ಹುಡುಕುವವನು, ಅಷ್ಟೇ. ಅವಳು ಹೇಳಿದ್ದನ್ನೆಲ್ಲ ಕೇಳಿ ನಕ್ಕ.

"ಇದಕ್ಕ್ಯಾಕ ತಲಿ ಕೆಡಸ್ಕೊಂತಿ? 'ಮಾಲೀಕರ ಹೇಳಿಕೆಯಂತೆ ನೆಲದೊಳಗೆ ಯಾವುದೇ ಪೊಳ್ಳು ಇರುವುದಿಲ್ಲ' ಅಂತ ಕೆಳಗ ಒಂದ ಸಾಲು ಬರಿ. ಅವ್ರ ಹೇಳ್ಯಾರ, ನೀ ಬರದಿ. ನಾಳಿ ಏನರ ಆದ್ರ ನಿನ್ನ ಕೈ ಸ್ವಚ್ಛ."

"ಮನಿ ಏನಾಗತೈತ್ರಿ ಸರ್?"

"ಅದು ಅವರ ಮನಿ ನೇತ್ರಾ—ಅಲ್ಲ, ಸ್ನೇಹಾ." ಅವನ ಪಕ್ಕದಲ್ಲಿ ಟೈಪಿಸ್ಟ್ ನೇತ್ರಾ ಏನೋ ಕೇಳುತ್ತಿದ್ದಳೆಂದು ಕಾಣುತ್ತದೆ. "ನೋಡು, ಮದಲಿನಂಗ ನನ್ನ ಸಹಿ ಇದ್ದಿದ್ರ ನಾ ಹಾಕಿ ಕಳಸ್ತಿದ್ದೆ. ಈಗ ಬ್ಯಾಂಕಿನವ್ರಿಗೆ ನಿಂದ ಬೇಕು. ನಿನ್ನ ಸಹಿ, ನಿನ್ನ ಮರ್ಜಿ."

ಮೊದಲಿನ ಹಾಗೆ. ಮೊದಲು ಎಲ್ಲ ಅಂದಾಜನ್ನೂ ಅವಳೇ ತಯಾರಿಸುತ್ತಿದ್ದಳು, ಕೆಳಗೆ ಸಾಹೇಬನ ಸಹಿ ಬೀಳುತ್ತಿತ್ತು. ಲಕ್ಷ್ಮೇಶ್ವರದಲ್ಲಿ ಒಬ್ಬ ವ್ಯಾಪಾರಿಯ ಗೋದಾಮಿಗೂ ಹಾಗೆಯೇ ಆಗಿತ್ತು. ಎರೆಭೂಮಿ, ಬಿರಿಯುವ ಮಣ್ಣು, ಬುನಾದಿ ಇನ್ನೂ ಆಳ ಹೋಗಬೇಕು ಎಂದು ಅವಳು ಬರೆದ ಸಾಲನ್ನು ಮಹಾದೇವ ನಗುನಗುತ್ತಲೇ ಹೊಡೆದು ಹಾಕಿದ್ದ. ಎರಡು ಮಳೆಗಾಲ ಕಳೆಯುವುದರೊಳಗೆ ಗೋದಾಮಿನ ಗೋಡೆ ಮೇಲಿನಿಂದ ಕೆಳತನಕ ಸೀಳಿತು. ಕಿಟಕಿಯ ಚೌಕಟ್ಟಿನ ಪಕ್ಕದ ಬಿರುಕಿನಿಂದ ಆಕಾಶ ಕಾಣುವಂತಾಯಿತು. ವ್ಯಾಪಾರಿ ಆಫೀಸಿಗೆ ಬಂದು ಮೇಜು ಗುದ್ದಿ ಹಾರಾಡಿದಾಗ ಸ್ನೇಹಾ ಅಲ್ಲಿಯೇ ಕುಳಿತಿದ್ದಳು. ಅವಳನ್ನು ಯಾರೂ ಬೈಯಲಿಲ್ಲ. ಯಾರೂ ಕೇಳಲೂ ಇಲ್ಲ. ಆ ಮನುಷ್ಯ ಹೋಗುವಾಗ, "ಒಂದ ಗ್ಲಾಸ್ ನೀರ ಕೊಡವಾ," ಎಂದು ಅವಳತ್ತ ಕೈ ಚಾಚಿದ್ದ.

ಆ ವಾರವೇ ಅವಳು ಪರೀಕ್ಷೆಯ ಅರ್ಜಿ ತುಂಬಿದ್ದು. ಅದರಿಂದ ಏನು ಸಿಕ್ಕಿತು ಎಂದು ಕೇಳಿದರೆ ಹೇಳುವುದಕ್ಕೆ ಬಹಳಷ್ಟಿತ್ತು. ಆಫೀಸಿನ ಬೋರ್ಡಿನಲ್ಲಿ ಸಾಹೇಬನ ಹೆಸರಿನ ಕೆಳಗೆ ಅವಳ ಹೆಸರು ಬಂತು, ಸಂಬಳ ಏರಿತು, ಗುತ್ತಿಗೆದಾರರು 'ಏನವಾ' ಬಿಟ್ಟು 'ಮೇಡಂ' ಅನ್ನತೊಡಗಿದರು. ನೀರಿನ ಗ್ಲಾಸು ಈಗ ಅವಳ ಮೇಜಿಗೆ ಬರುತ್ತಿತ್ತು. ಆದರೆ ಸಿಕ್ಕಾದ ಭಾರ ಎಷ್ಟೆಂದು ಈ ತನಕ ಅವಳಿಗೆ ಗೊತ್ತಾಗಿರಲಿಲ್ಲ. ಹೂಂ ಅನ್ನುವ ಕೆಲಸಗಳೇ ಬಂದಿದ್ದವು. ಇಲ್ಲ ಅನ್ನುವ ಮೊದಲ ಕೆಲಸ ಅತ್ತೆಯ ಮನೆಯದೇ ಆಗಬೇಕಿತ್ತೆ?

ಚೀಲದಿಂದ ಅಂದಾಜಿನ ಹಾಳೆ ತೆಗೆದು ತೊಡೆಯ ಮೇಲಿಟ್ಟುಕೊಂಡಳು. ಪೆನ್ನು ತೆಗೆದು, 'ಮಾಲೀಕರ ಹೇಳಿಕೆಯಂತೆ' ಎಂದು ಬರೆದಳು. ಎರಡೇ ಪದ. ಮಾಲೀಕಳು ಒಳಗೆ ಸೀದ ಹೋಳಿಗೆಯನ್ನು ಬದಿಗಿಟ್ಟು ಹೊಸದನ್ನು ತಟ್ಟುತ್ತಿದ್ದಳು. ಬಳೆಯ ಸದ್ದು ಕೇಳುತ್ತಿತ್ತು. ಆ ಸಾಲನ್ನು ಪೂರ್ತಿ ಮಾಡಿದರೆ ಮುಂದೊಂದು ಮಳೆಗಾಲದಲ್ಲಿ ತಪ್ಪು ತನ್ನದಲ್ಲ, ಅತ್ತೆಯದು ಎಂದು ತೋರಿಸಲು ಬರುತ್ತಿತ್ತು. ಯಾರಿಗೆ ತೋರಿಸುವುದು? ಸ್ನೇಹಾಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಎರಡು ಪದಗಳನ್ನೂ ಹೊಡೆದು ಹಾಕಿದಳು.

ಅಷ್ಟರಲ್ಲಿ ಮಲ್ಲುವಿನ ಗೂಡ್ಸ್ ಗಾಡಿ ಬಾಗಿಲಲ್ಲಿ ಬಂದು ನಿಂತಿತು. ನಾಳೆಯ ಪೂಜೆಗೆ ಬಾಳೆಕಂಬ, ಹೂವು, ಕಾಯಿ, ಎಲ್ಲ ತಂದಿದ್ದ. ಮುಖದ ತುಂಬ ನಗೆ.

"ಆತೇನಕ್ಕಾ ಸಹಿ? ಬ್ಯಾಂಕ್ ಬಾಗಲಾ ಹಾಕೂದ್ರಾಗ ಮುಂಡರಗಿ ಮುಟ್ಟಬೇಕು."

ಸ್ನೇಹಾ ಹೇಳಿದಳು. ಹೇಳುತ್ತಾ ಹೋದಂತೆ ಅವನ ಮುಖದ ನಗೆ ಇಳಿಯಿತು. ಬಾಳೆಕಂಬವನ್ನು ಗೋಡೆಗೆ ಒರಗಿಸಿದ್ದು ಜಾರಿ ಬಿತ್ತು. ಅವನು ಎತ್ತಲಿಲ್ಲ.

"ಇದ್ರ ಇರಲಿ. ಮ್ಯಾಲ ಕಾಂಕ್ರೀಟ್ ಹಾಕಿದ್ರ ಮುಚ್ಚಿ ಹೋಗತೈತಿ."

"ಮುಚ್ಚಿ ಹೋಗೂದು ಬಾಯಿ. ಹೊಟ್ಟಿ ಹಂಗ ಇರತೈತಿ. ಕಂಬಾ ಅದರ ನೆತ್ತಿ ಮ್ಯಾಲ ಕುಂದರತೈತಿ ಮಲ್ಲು. ಒಂದ ವರ್ಷ ಇದ್ದೀತು, ನಾಕ ವರ್ಷ ಇದ್ದೀತು. ಒಂದ ದೊಡ್ಡ ಮಳಿಗೆ ನೆಲಾ ಕುಸದ್ರ ಹಾಲ ಪೂರಾ ಕೆಳಗ."

"ಹಂಗಾರ ಹಾಲ ಮೊದಲಿನಂಗ ಸಣ್ಣದ ಮಾಡು. ಬೀಗರು ಮಾತು ಮುರದ್ರ ಮುರೀಲಿ!"

"ಮೊದಲಿನ ಗೋಡಿನೂ ಅದರ ಹೆಗಲ ಮ್ಯಾಲನ ಬರತೈತಿ. ನಿಮ್ಮ ಹಿಂದಿನ ಗೋಡಿ ಬರೇ ಮಳಿಗೆ ಬಿತ್ತು ಅಂತ ತಿಳದೀಯೇನು?"

ಮಲ್ಲುವಿಗೆ ಸಿಟ್ಟು ನೆತ್ತಿಗೇರಿತು.

"ಹುಬ್ಬಳ್ಳ್ಯಾಗ ಸಿಕ್ಕಾ ಇದ್ದಾವ್ರು ಬೇಕಾದಷ್ಟ ಮಂದಿ ಅದಾರ. ನೀ ಒಬ್ಬಾಕೀನ ಅಲ್ಲ."

"ಹೌದು, ಅದಾರ. ಕರಕೊಂಡ ಬಾ. ಅವ್ರು ಬಂದು ಬಣವಿ ನೋಡ್ತಾರ, ಕೆಳಗ ಏನೈತಂತ ಅವ್ರಿಗೆ ಗೊತ್ತಿಲ್ಲ, ಸಹಿ ಹಾಕಿ ಹೋಗತಾರ. ಅವ್ರ ಮ್ಯಾಲ ನಂದೇನೂ ತಕರಾರಿಲ್ಲ." ಸ್ನೇಹಾ ಅಂದಾಜಿನ ಹಾಳೆ ಮಡಚಿ ಚೀಲಕ್ಕೆ ಹಾಕಿದಳು. "ಆದ್ರ ನನಗ ಗೊತ್ತೈತಲ್ಲ, ನಾ ಏನ ಮಾಡ್ಲಿ? ಆ ಹಾಲಿನ್ಯಾಗ ಮಲಗಾವ್ರು ನೀ, ನಿನ್ನ ಹೇಂತಿ, ಅತ್ತಿ. ಮಳಿ ಬಂದಾಗೊಮ್ಮೆ ಬೆಟಗೇರ್ಯಾಗ ನಾ ಎದ್ದ ಕುಂದರ್ಲೇನು?"

ಮಲ್ಲು ತಾಯಿಯ ಕಡೆ ನೋಡಿದ. ನೀಲಗಂಗವ್ವ ಅಡುಗೆಮನೆಯ ಹೊಸ್ತಿಲಲ್ಲಿ ನಿಂತಿದ್ದಳು. ಮಗನ ಕಣ್ಣು ತಪ್ಪಿಸಿ ಒಳಗೆ ತಿರುಗಿದಳು.

ಮಾತಿನಿಂದ ಇದು ಮುಗಿಯುವುದಿಲ್ಲ ಎನಿಸಿತು ಸ್ನೇಹಾಳಿಗೆ. ಸೆರಗು ಸೊಂಟಕ್ಕೆ ಸಿಕ್ಕಿಸಿ ಹಿತ್ತಲಿಗೆ ನಡೆದಳು. ಬಣವೆಯ ಮೇಲಿನ ಕುಳ್ಳನ್ನು ಎತ್ತಿ ಕೆಳಗೆ ಹಾಕಿದಳು, ಇನ್ನೊಂದನ್ನು ಎತ್ತಿದಳು. ವರುಷ ವರುಷವೂ ಹೊಸ ಕುಳ್ಳು ಮೇಲೆ ಬೀಳುತ್ತಿತ್ತು, ಮೇಲಿನದೇ ಒಲೆಗೆ ಹೋಗುತ್ತಿತ್ತು. ಬುಡದ ಕುಳ್ಳನ್ನು ಯಾರೂ ಮುಟ್ಟಿದಂತಿರಲಿಲ್ಲ. ಅದು ಗೆದ್ದಲು ಹಿಡಿದು, ಮುಟ್ಟಿದರೆ ಪುಡಿಯಾಗುತ್ತಿತ್ತು. ಮಕ್ತುಮಸಾಬ ಒಂದಿಷ್ಟು ಹೊತ್ತು ನೋಡಿ, "ಚೇಳಿರ್ತಾವ್ರಿ ಮೇಡಂ, ಸರೀರಿ," ಎನ್ನುತ್ತ ತಾನೂ ಸಲಿಕೆ ಎತ್ತಿಕೊಂಡ.

"ತೆಗೀಬ್ಯಾಡ್ರಿ!"

ಅತ್ತೆ ಬರಿಗಾಲಲ್ಲಿ ಓಡಿ ಬಂದಳು. ಸುಣ್ಣದ ಗೆರೆಯನ್ನು ತುಳಿದುಕೊಂಡೇ ಬಂದು ಬಣವೆಗೂ ಸಲಿಕೆಗೂ ನಡುವೆ ನಿಂತಳು. ಉಸಿರು ಮೇಲೆ ಕೆಳಗೆ ಆಗುತ್ತಿತ್ತು.

"ತೆಗೀಬ್ಯಾಡ್ರಿ. ಅದು ನಮ್ಮದಲ್ಲ."

ಬೆಳಗಿನಿಂದ ಏನೂ ಇಲ್ಲ, ಏನೂ ಇಲ್ಲ ಎಂದವಳು ಈಗ ಇದೆ ಎಂದಿದ್ದಳು. ಇದೆ, ಆದರೆ ನಮ್ಮದಲ್ಲ.

"ನಮ್ಮ ಹಿತ್ತಲಾ, ನಮ್ಮದಲ್ಲಂದ್ರ?" ಎಂದ ಮಲ್ಲು.

ನೀಲಗಂಗವ್ವ ಅಲ್ಲಿಯೇ ನೆಲಕ್ಕೆ ಕುಳಿತಳು. ಮಾತು ಮಗನಿಗಲ್ಲ, ಸ್ನೇಹಾಳಿಗೆ ಹೇಳುವ ಹಾಗೆ ಹೊರಟಿತು.

"ಪಾಲು ಆಗೂ ಮುಂದ ನಮ್ಮ ಮಾವಾರು ಹಂಗ ಹೇಳಿದ್ರು. ಹಿತ್ತಲಾ ನಿಮ್ಮ ಮಾವ ದ್ಯಾಮಪ್ಪಗ, ಅದರೊಳಗಿನ ಹಗೇವು ರಾಮಪ್ಪಗ. ಮ್ಯಾಲಿಂದು ಒಬ್ಬಗ, ಒಳಗಿಂದು ಒಬ್ಬಗ. ಹಗೇವು ಅಂದ್ರ ಆವಾಗ ಹೊಲದಷ್ಟ ಬಾಳತಿತ್ತು. ಕಾಗದಿಲ್ಲ ಪತ್ರಿಲ್ಲ, ಹಿರೇರ ಮಾತು. ಇಬ್ರೂ ಹೂಂ ಅಂದ್ರು. ನೀ ಹಗೇವಿನ್ಯಾಗ ಇಳದ ದಿನಾ ನಿನಗ ನೆನಪೈತಿ ಅಂದೆಲ್ಲ. ನಾ ಎಲ್ಲಿ ನಿಂತಿದ್ದೆ, ಅದು ನೆನಪೈತೇನು?"

ನೆನಪಿತ್ತು. ಹಗ್ಗ ಹಿಡಿದು ಮೇಲೆ ಬಂದಾಗ ಮೊದಲು ಕಂಡದ್ದೇ ಅತ್ತೆ. ಈ ಬಾಗಿಲಲ್ಲೇ ನಿಂತಿದ್ದಳು, ಕಂಕುಳಲ್ಲಿ ಖಾಲಿ ಬುಟ್ಟಿ ಹಿಡಿದುಕೊಂಡು. ಜೋಳ ಹಸನು ಮಾಡಲು ಬಂದಿದ್ದಾಳೆ ಎಂದುಕೊಂಡಿದ್ದಳು ಸ್ನೇಹಾ.

"ನಿಮ್ಮ ಮಾವ ಹುಬ್ಬಳ್ಳಿ ದವಾಖಾನ್ಯಾಗ ಮಲಗಿದ್ರು. ಮನ್ಯಾಗ ಕಾಳಿಲ್ಲ. ನೀ ಇದ್ದಿ, ಇವ ಇನ್ನೂ ತೊಟ್ಟಲದಾಗ. ನನ್ನ ಹಿತ್ತಲದಾಗಿಂದ ಚೀಲಾ ಚೀಲಾ ಜ್ವಾಳಾ ಎತ್ತಿ ಆ ಕಡೆ ಒಯ್ಯಾಕತ್ತಿದ್ರು. ನಾ ಬುಟ್ಟಿ ಹಿಡಕೊಂಡ ಹೋಗಿ ಕೇಳಿದೆ. ಒಂದ ಬುಟ್ಟಿ ಕೊಡೋ ರಾಮಪ್ಪಾ, ಸುಗ್ಗಿಗೆ ತಿರಗಿ ಕೊಡ್ತೀನಿ ಅಂತ. ಅಷ್ಟ ಮಂದಿ ಆಳುಗಳ ಮುಂದ ಅಂದಾ, 'ಮ್ಯಾಲಿಂದಷ್ಟ ನಿಂದು ವೈನಿ, ಒಳಗಿಂದು ನಂದು.'" ಅತ್ತೆ ಒಂದು ಕುಳ್ಳಿನ ಚೂರನ್ನು ಕೈಯಲ್ಲಿ ಹಿಸುಕಿ ಪುಡಿ ಮಾಡಿದಳು. "ಮರುದಿನಾನ ಅದರ ಬಾಯಿ ಮ್ಯಾಲ ಬಣವಿ ಒಟ್ಟಿದೆ. ಇನ್ನ ಆ ಬಾಗಲಕ್ಕ ಹೋಗಿ ಏನೂ ಬೇಡಂಗಿಲ್ಲ ಅಂದೆ. ಅವನೂ ಮತ್ತ ತೆಗೀಲಿಲ್ಲ. ಈಗ ಅದನ್ನ ತೆಗೀಬೇಕಂದ್ರ, ತುಂಬಬೇಕಂದ್ರ, ಅವನ್ನ ಕೇಳಬೇಕು. ಕೇಳೂದಕಿಂತ ಮನಿ ಬಿದ್ದ ಹೋಗಲಿ ಅಂದ್ಕೊಂಡೆ ನಾನು."

ಮನೆ ಬಿದ್ದು ಹೋಗಲಿ ಎನ್ನುವಾಗ ಅವಳ ಕಣ್ಣು ಮಲ್ಲುವಿನ ಮೇಲೆ ಹೋಯಿತು. ತಾನು ಆಡಿದ್ದು ತನ್ನ ಕಿವಿಗೇ ಬಿದ್ದಂತೆ ಬಾಯಿಗೆ ಸೆರಗು ಒತ್ತಿಕೊಂಡಳು.

ಸ್ನೇಹಾ ಅವಳ ಪಕ್ಕದಲ್ಲಿ ಕುಳಿತಳು. "ನಾ ಹೋಗಿ ಕೇಳ್ತೀನಿ ಅತ್ತಿ. ಒಳಗ ಇಳದು ಅಳತಿ ಮಾಡಿ, ತಳದಿಂದ ತುಂಬಿಸಿದ್ರ ಸಹಿ ಹಾಕಾಕ ಬರತೈತಿ. ಕಾಕಾ ನನಗ ಇಲ್ಲನ್ನಂಗಿಲ್ಲ."

ದೂರದಲ್ಲಿ ಕಪ್ಪತಗುಡ್ಡದ ಮೇಲೆ ಗಾಳಿಯಂತ್ರಗಳು ನಿಧಾನ ತಿರುಗುತ್ತಿದ್ದವು. ಬೇವಿನ ನೆರಳು ಬಣವೆಯ ಮೇಲಿಂದ ಜರುಗಿ ಅತ್ತೆಯ ಮಡಿಲಿಗೆ ಬಂದಿತ್ತು. ಕೊನೆಗೆ ಸ್ನೇಹಾಳ ಹೆಗಲು ಹಿಡಿದುಕೊಂಡು ಎದ್ದಳು.

"ನೀ ಹೋದ್ರ ಅವ ಇಲ್ಲನ್ನಂಗಿಲ್ಲ, ನನಗ ಗೊತ್ತೈತಿ. ಆದ್ರ ಬುಟ್ಟಿ ಹಿಡಕೊಂಡ ಹೋದಾಕಿ ನಾನು."

ಕೈಗಂಟಿದ ಪುಡಿ ಕೊಡವಿ, ತಲೆಯ ಮೇಲೆ ಸೆರಗು ಎಳೆದುಕೊಂಡು ಹೊರಟಳು. ಗಿಡ್ಡ ಗೋಡೆ ದಾಟಿದರೆ ನಾಲ್ಕು ಹೆಜ್ಜೆಯ ದಾರಿ. ಅವಳು ಹಾಗೆ ಹೋಗಲಿಲ್ಲ. ಮನೆಯೊಳಗಿಂದ ಹಾದು, ಓಣಿಗೆ ಇಳಿದು, ಸುತ್ತು ಹಾಕಿಕೊಂಡು ಮುಂಬಾಗಿಲಿಗೆ ಹೋದಳು.

ಕಾಯುವುದು ಬಲು ಕಷ್ಟವಾಯಿತು. ಮಕ್ತುಮಸಾಬ ಬೀಡಿ ತೆಗೆದು ಹಚ್ಚದೆ ಮತ್ತೆ ಕಿಸೆಗಿಟ್ಟುಕೊಂಡ. ಮಲ್ಲು ಬೇವಿನ ಬೊಡ್ಡೆಗೆ ಒರಗಿ ನೆಲ ನೋಡುತ್ತಿದ್ದ.

"ಕಾಕಾ ಒಲ್ಲೆ ಅಂದ್ರಕ್ಕಾ?"

ಒಲ್ಲೆ ಎಂದರೆ ಸಹಿ ಇಲ್ಲ, ಸಾಲವಿಲ್ಲ, ಶಿರಹಟ್ಟಿಯವರು ಎಷ್ಟು ದಿನ ಕಾದಾರು? ಸ್ನೇಹಾಳಿಗೆ ಇದೆಲ್ಲ ಗೊತ್ತಿತ್ತು. ಒಂದು ಕ್ಷಣ, ತಾನು ಆ ಟೊಂಗೆಯನ್ನು ನೋಡದೇ ಇದ್ದಿದ್ದರೆ ಎಂದೂ ಅನಿಸಿತು. ಆಚೆಯ ಮನೆಯಿಂದ ಕೂಗಾಟ ಕೇಳಿಸುತ್ತದೇನೋ ಎಂದು ಕಿವಿಯೆಲ್ಲ ಅತ್ತಲೇ ಇತ್ತು. ಒಂದು ಸಲ ಏನೋ ಬಿದ್ದ ಸದ್ದಾಯಿತು. ಪತ್ರಾಸಿನ ಡಬ್ಬಿಯೋ ಏನೋ. ಆಮೇಲೆ ಅದೂ ಇಲ್ಲ.

ನೀಲಗಂಗವ್ವ ಹೋದ ದಾರಿಯಲ್ಲೇ ತಿರುಗಿ ಬಂದಳು, ಒಬ್ಬಳೇ. ಮಲ್ಲು ನೆಟ್ಟಗೆ ನಿಂತ.

"ಏನಂದಾ?"

"ಏನೂ ಅನ್ನಲಿಲ್ಲ." ಅತ್ತೆ ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು. "ಹಗ್ಗ ಹುಡುಕಾಕತ್ಯಾನ."

ರಾಮಪ್ಪ ಬಂದದ್ದು ಗಿಡ್ಡ ಗೋಡೆ ದಾಟಿ. ಸ್ನೇಹಾ ಕೈ ಕೊಡಲು ಹೋದಳು, ಬೇಡವೆಂದು ತಲೆಯಾಡಿಸಿದ. ಬಹಳ ಸೊರಗಿದ್ದ. ಹೆಗಲ ಮೇಲೆ ಹಳೆಯ ಹಗ್ಗ, ಕೈಯಲ್ಲಿ ತುಕ್ಕು ಹಿಡಿದ ಕಂದೀಲು. ಗಾಜು ಹೊಸದಾಗಿ ಒರೆಸಿದ ಹಾಗಿತ್ತು. ಯಾರ ಮುಖವನ್ನೂ ನೋಡದೆ, ಉಳಿದ ಕುಳ್ಳನ್ನು ಮಕ್ತುಮಸಾಬ ಸರಿಸುವ ತನಕ ಬದಿಗೆ ನಿಂತ. ಆಮೇಲೆ ಹಾರೆ ಇಸಿದುಕೊಂಡು ತಾನೇ ಮಣ್ಣು ಕೆದರಿದ. ಎಲ್ಲಿ ಕೆದರಬೇಕೆಂದು ಅವನು ಹುಡುಕಲಿಲ್ಲ. ಚಪ್ಪಡಿಯ ಅಂಚು ಕಂಡಿತು.

ಮಲ್ಲುವೂ ಗೌಂಡಿಯೂ ಹಾರೆ ಹಾಕಿ ಚಪ್ಪಡಿ ಮೀಟಿದಾಗ ನೆಲದೊಳಗಿಂದ ಮುಗ್ಗಿದ ಜೋಳದ ವಾಸನೆ ಬೆಚ್ಚಗೆ ಮೇಲೆ ಬಂತು. ಎಲ್ಲರೂ ಹಿಂದೆ ಸರಿದರು. ಕಪ್ಪು ಬಾಯಿ, ಒಳಗೆ ಏನೂ ಕಾಣದು. ಸುಣ್ಣದ ಎರಡು ಗೆರೆಗಳೂ ಎಳೆದುಕೊಂಡು ಹೋದರೆ ಸರಿಯಾಗಿ ಅದರ ಮಧ್ಯದಲ್ಲೇ ಕೂಡುತ್ತಿದ್ದವು. ಮಲ್ಲು ಅದನ್ನು ನೋಡಿದ. ಕೈಯಲ್ಲಿದ್ದ ಹಾರೆಯನ್ನು ನಿಧಾನ ಕೆಳಗಿಟ್ಟ.

ರಾಮಪ್ಪ ಮೊಣಕಾಲೂರಿ ಕುಳಿತು ಕಂದೀಲು ಹೊತ್ತಿಸಿ ಇಳಿಬಿಟ್ಟ. ಬೆಳಕು ಗೋಡೆಯನ್ನು ಸವರುತ್ತ ಇಳಿಯಿತು. ಸ್ವಲ್ಪ ಇಳಿದದ್ದೇ ಸಣ್ಣದಾಯಿತು, ನೀಲಿಯಾಯಿತು, ನಂದಿತು.

"ತಡೀರಿ," ಎಂದು ಅವನು ಮೇಲಕ್ಕೆಳೆದ. ಬಾಯಿ ತೆರೆದೇ ಇರಲಿ ಎಂದು ಎಲ್ಲರನ್ನೂ ದೂರ ಕೂರಿಸಿದ. ಹೊತ್ತು ಸರಿಯಿತು. ಬ್ಯಾಂಕಿನ ಬಾಗಿಲು ಮುಚ್ಚುವ ಹೊತ್ತೂ ಆಯಿತು. ಯಾರೂ ಆ ಮಾತು ಎತ್ತಲಿಲ್ಲ. ಅತ್ತೆ ಹೋಳಿಗೆ ತಂದು ಎಲ್ಲರ ಮುಂದೆ ಇಟ್ಟಳು. ರಾಮಪ್ಪನ ಮುಂದೆಯೂ ಇಟ್ಟಳು, ತುಪ್ಪ ಮಾತ್ರ ತಾನು ಬಡಿಸದೆ ಗಿಂಡಿಯನ್ನು ಅವನ ಕಡೆ ಸರಿಸಿಬಿಟ್ಟಳು. ಅವನು ತಲೆ ತಗ್ಗಿಸಿ ತಿಂದ.

ಮತ್ತೆ ಕಂದೀಲು ಹೊತ್ತಿಸಬೇಕಾದಾಗ ಅವನ ಬೆಂಕಿಪೆಟ್ಟಿಗೆ ಖಾಲಿಯಾಗಿತ್ತು. ಒಲೆಯ ಬಳಿಯದನ್ನು ಅತ್ತೆ ತಂದಳು. ತಾನೇ ಕಡ್ಡಿ ಗೀರಿ, ಗಾಳಿಗೆ ಕೈ ಮರೆ ಮಾಡಿ, ಅವನು ಹಿಡಿದ ಕಂದೀಲಿಗೆ ಹಚ್ಚಿದಳು. ಉರಿ ನಿಂತಿತು. ರಾಮಪ್ಪ ಹಗ್ಗವನ್ನು ಎರಡು ಸುತ್ತು ಕೈಗೆ ಸುತ್ತಿಕೊಂಡವನು ಅದೇಕೋ ಬಿಚ್ಚಿ, ಅವಳ ಕಡೆ ಚಾಚಿದ.

"ಹಿಡೀರಿ ವೈನಿ. ನನ್ನ ಕೈ ನಡಗತಾವ."

ಅತ್ತೆ ಹಗ್ಗ ಹಿಡಿದುಕೊಂಡಳು. ಸ್ನೇಹಾ ಸಿಕ್ಕಾ ಇದ್ದ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಬಾಗಿ ಒಳಗೆ ನೋಡಿದಳು. ದೀಪ ಮೊದಲು ನಂದಿದ ಜಾಗ ದಾಟಿತು. ಅತ್ತೆ ಒಂದೊಂದೇ ಮೊಳ ಹಗ್ಗ ಬಿಡುತ್ತಿದ್ದಳು. ದೀಪ ಇನ್ನೂ ಇಳಿಯುತ್ತಿತ್ತು.